ಇನ್ಸ್‌ಬ್ರುಕ್: ಒಂದು ದಿನ ಬೆಟ್ಟ, ಒಂದು ದಿನ ಊರು – ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ರಾಜಧಾನಿ ಇನ್ಸ್‌ಬ್ರುಕ್. ಬೆಟ್ಟ ಹತ್ತಲು ಹೋಗುವವರು ಇಲ್ಲಿ ಊರನ್ನು ಮಳೆ ಬಂದ ದಿನಕ್ಕೆ ಅಂತ ಎತ್ತಿಡುತ್ತಾರೆ. ಊರು ನೋಡಲು ಹೋಗುವವರು ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ನಾಲ್ಕು ಫೋಟೋ ತೆಗೆದು ಇಳಿದುಬಿಡುತ್ತಾರೆ. ನನ್ನ ಪ್ರಕಾರ ಎರಡೂ ನಷ್ಟವೇ. ಈ ಊರು ಹುಟ್ಟಿದ್ದು, ಬೆಳೆದಿದ್ದು, ದುಡ್ಡು ಮಾಡಿದ್ದು ಎಲ್ಲ ಬೆಟ್ಟದಿಂದ. ಒಂದನ್ನು ನೋಡದೆ ಇನ್ನೊಂದು ಅರ್ಥವಾಗುವುದು ಕಷ್ಟ.

ಮಾತುಕತೆಯಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಬೆಟ್ಟದ ಗಟ್ಟಿ ವಿಷಯ ಆಮೇಲೆ.

## ಹೊರಡುವ ಮೊದಲು

ಎಲ್ಲರೂ ಸ್ವಿಟ್ಜರ್ಲೆಂಡ್ ಅಂತಾರೆ. ಇನ್ಸ್‌ಬ್ರುಕ್‌ಗೇ ಯಾಕೆ ಹೋಗಬೇಕು?

ಸ್ವಿಟ್ಜರ್ಲೆಂಡಿಗೂ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಒಳ್ಳೆಯ ಬೆಟ್ಟದ ಊರುಗಳು ಸಾಮಾನ್ಯವಾಗಿ ಹಳ್ಳಿಗಳು. ಇನ್ಸ್‌ಬ್ರುಕ್‌ನಲ್ಲಿ 500 ವರ್ಷ ಹಳೆಯ ರಾಜಬೀದಿ, 1669ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಟ್ರಾಮು, ಮಾರುಕಟ್ಟೆ ಎಲ್ಲ ಇದೆ. ಜನಸಂಖ್ಯೆ ಸುಮಾರು 1.3 ಲಕ್ಷ. ಊರಿನ ಎತ್ತರ 574 ಮೀಟರ್. ಊರಿನ ನಡುವಿನಿಂದ ಹೊರಟರೆ ಅರ್ಧ ಗಂಟೆಯೊಳಗೆ 2,256 ಮೀಟರ್ ಎತ್ತರದ ಹಾಫೆಲೆಕಾರ್ ಕೇಬಲ್ ಕಾರ್ ನಿಲ್ದಾಣದಲ್ಲಿ ಇರುತ್ತೀರಿ, ಅದೂ ಕಾರು, ಟ್ಯಾಕ್ಸಿ ಯಾವುದೂ ಇಲ್ಲದೆ. ಖರ್ಚೂ ಸ್ವಿಟ್ಜರ್ಲೆಂಡಿಗಿಂತ ಕಡಿಮೆ.

ಎಷ್ಟು ದಿನ ಇಟ್ಕೊಳ್ಳೋಣ?

ಐದು ರಾತ್ರಿ ಇದ್ದರೆ ನೆಮ್ಮದಿ. ಒಂದು ದಿನ ಬೆಟ್ಟ, ಮರುದಿನ ಊರು, ಹೀಗೆ ಬದಲಾಯಿಸುತ್ತಾ ಹೋಗಿ. ಮೊದಲ ದಿನ ಮಾತ್ರ ಊರೇ ಇರಲಿ. ವಿಮಾನದ ಸುಸ್ತು, ನಿದ್ದೆಯ ಗೊಂದಲ ಇರುವಾಗ ಕಡಿದಾದ ದಾರಿ ಬೇಡ. ಮೂರು ಬೆಟ್ಟವನ್ನು ಸತತ ಮೂರು ದಿನ ಹತ್ತಿ ನಾಲ್ಕನೇ ದಿನ ಮಂಡಿ ಹಿಡಿದುಕೊಂಡು ಅರಮನೆ ನೋಡುವ ಪ್ಲಾನ್ ಹಾಕುವವರು ಬಹಳ. ಹಾಗೆ ಮಾಡಿದರೆ ಅರಮನೆಯಲ್ಲಿ ನಿಮಗೆ ಕಾಣುವುದು ಮೆಟ್ಟಿಲು ಮಾತ್ರ.

ದಿನಗಳ ಕ್ರಮವನ್ನು ಗಟ್ಟಿ ಮಾಡಬೇಡಿ. ರಾತ್ರಿ ಹವಾಮಾನ ನೋಡಿ, ಮರುದಿನ ಬೆಟ್ಟವೋ ಊರೋ ಅಂತ ತೀರ್ಮಾನಿಸಿ. ಊರು ಎಲ್ಲಿಗೂ ಹೋಗುವುದಿಲ್ಲ. ಬಿಸಿಲು ಹೋಗುತ್ತದೆ.

ಬೆಂಗಳೂರಿನಿಂದ ಹೋಗೋದು ಹೇಗೆ? ವೀಸಾ ಯಾವ ದೇಶದ್ದು?

ಹೆಚ್ಚಿನವರು ಜರ್ಮನಿಯ ಮ್ಯೂನಿಕ್‌ಗೆ ಹಾರಿ, ಅಲ್ಲಿಂದ ರೈಲು ಹಿಡಿಯುತ್ತಾರೆ. ಮ್ಯೂನಿಕ್‌ನಿಂದ ಸುಮಾರು 2 ಗಂಟೆ. ವಿಯೆನ್ನಾದಿಂದ ರೈಲಿನಲ್ಲಿ 4 ಗಂಟೆಗೆ ಸ್ವಲ್ಪ ಜಾಸ್ತಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಕೊಡುವ ವೀಸಾ ಬೇಕು. ಅರ್ಜಿ ಹಾಕಬೇಕಾದ್ದು ನೀವು ಇಳಿಯುವ ದೇಶಕ್ಕಲ್ಲ, ಜಾಸ್ತಿ ದಿನ ಉಳಿಯುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಇಳಿದು, ಒಂದು ರಾತ್ರಿ ಅಲ್ಲಿದ್ದು, ಐದು ರಾತ್ರಿ ಇನ್ಸ್‌ಬ್ರುಕ್‌ನಲ್ಲಿದ್ದರೆ ಆಸ್ಟ್ರಿಯಾಕ್ಕೆ ಅರ್ಜಿ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಈ ವಿಮೆಯಲ್ಲಿ ಬೆಟ್ಟ ಹತ್ತುವುದು ಸೇರಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಕೆಳಗೆ ಉತ್ತರ ಇದೆ.

ಯಾವ ತಿಂಗಳು ಒಳ್ಳೇದು? ಮಕ್ಕಳ ರಜೆ ಏಪ್ರಿಲ್–ಮೇನಲ್ಲಿ ಮಾತ್ರ.

ನಮ್ಮ ಬೇಸಿಗೆ ರಜೆಗೂ ಆಲ್ಪ್ಸ್ ಬೆಟ್ಟಗಳಿಗೂ ಹೊಂದುವುದಿಲ್ಲ. ಏಪ್ರಿಲ್, ಮೇನಲ್ಲಿ ಕೆಳಗೆ ಹೂವು ಅರಳಿರುತ್ತದೆ, 2,000 ಮೀಟರ್ ಮೇಲೆ ಇನ್ನೂ ಹಿಮ. ಕೇಬಲ್ ಕಾರುಗಳನ್ನೂ ಚಳಿಗಾಲ ಮುಗಿದ ಮೇಲೆ ಸ್ವಲ್ಪ ದಿನ ರಿಪೇರಿಗೆಂದು ನಿಲ್ಲಿಸುತ್ತಾರೆ. ಆಗಲೇ ಹೋಗಬೇಕಾದರೆ ಊರು ಮತ್ತು ಕೆಳಗಿನ ಕಾಡುದಾರಿಗಳನ್ನು ಇಟ್ಟುಕೊಳ್ಳಿ. ಅದೂ ಚೆನ್ನಾಗಿಯೇ ಇರುತ್ತದೆ.

ಎತ್ತರದ ದಾರಿಗಳಿಗೆ ಜೂನ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಸರಿಯಾದ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ನನ್ನ ಆಯ್ಕೆ ಸೆಪ್ಟೆಂಬರ್. ಗಾಳಿ ತಿಳಿಯಾಗಿರುತ್ತದೆ, ಜನ ಕಡಿಮೆ, ಮತ್ತು ಬೆಟ್ಟದ ಹುಲ್ಲುಗಾವಲಿನಿಂದ ದನಗಳಿಗೆ ಹೂವಿನ ಅಲಂಕಾರ ಮಾಡಿ ಹಳ್ಳಿಗೆ ಇಳಿಸಿಕೊಂಡು ಬರುವ ಹಬ್ಬವೂ ಆಗಲೇ.

ಪ್ರವಾಸಿಗರ ಕಾರ್ಡ್‌ಗಳು ಎರಡಿವೆಯಂತೆ. ಯಾವುದು ತಗೋಬೇಕು?

ವೆಲ್‌ಕಮ್ ಕಾರ್ಡ್ ಅನ್ನುವುದು ತಂಗುವ ಅತಿಥಿಗಳಿಗೆ ಹೋಟೆಲಿನವರು ಕೊಡುವುದು. ಅದರಲ್ಲಿ ಬಸ್ಸು, ಟ್ರಾಮು ಬರುತ್ತದೆ. ರೂಮು ಬುಕ್ ಮಾಡುವಾಗಲೇ ಕೇಳಿ. ಇನ್ಸ್‌ಬ್ರುಕ್ ಕಾರ್ಡ್ ದುಡ್ಡು ಕೊಟ್ಟು ಕೊಳ್ಳುವುದು. 24, 48, 72 ಗಂಟೆಗಳ ಮೂರು ಬಗೆ. ಮ್ಯೂಸಿಯಮ್‌ಗಳು ಮತ್ತು ಕೇಬಲ್ ಕಾರಿನಲ್ಲಿ ಒಂದು ಸಲ ಹೋಗಿ ಬರುವುದು ಅದರಲ್ಲಿ ಸೇರಿದೆ. ಹಾಫೆಲೆಕಾರ್‌ಗೆ ಹೋಗಿ ಬಂದು, ಎರಡು ಮೂರು ಮ್ಯೂಸಿಯಮ್ ನೋಡಿದರೆ ಕೊಟ್ಟ ದುಡ್ಡು ವಾಪಸ್. ಬರೀ ಬೀದಿ ಸುತ್ತುವ ದಿನ ಅದು ಬೇಡ.

## ಊರಿನ ಒಳಗೆ ನಡೆದಾಡುವುದು

ಹಳೇ ಊರನ್ನ ಎಲ್ಲಿಂದ ಶುರು ಮಾಡಿದರೆ ಚೆನ್ನಾಗಿರುತ್ತೆ?

ಇನ್ ನದಿಯ ದಡದಿಂದ. ಎಲ್ಲರೂ ರೈಲು ನಿಲ್ದಾಣದಿಂದ ನೇರ ಚಿನ್ನದ ಚಾವಣಿಗೆ ಹೋಗುತ್ತಾರೆ. ನೀವು ಮಾರ್ಕ್ಟ್‌ಪ್ಲಾಟ್ಸ್ ಅನ್ನುವ ಮಾರುಕಟ್ಟೆ ಚೌಕಕ್ಕೆ ಹೋಗಿ. ಎದುರು ದಡದಲ್ಲಿ ಮರಿಯಾಹಿಲ್ಫ್ ಬಡಾವಣೆಯ ಬಣ್ಣಬಣ್ಣದ ಮನೆಗಳ ಸಾಲು. ಅದರ ಹಿಂದೆಯೇ ನೋರ್ಡ್‌ಕೆಟ್ಟೆ ಬೆಟ್ಟಸಾಲು ಎದ್ದು ನಿಂತಿರುತ್ತದೆ. ಬೇಸಿಗೆಯಲ್ಲಿ ನದಿಯ ನೀರು ಬೂದು ಮಿಶ್ರಿತ ಹಸಿರು. ಹಿಮನದಿಗಳು ಬಂಡೆ ಉಜ್ಜಿ ಮಾಡಿದ ನುಣ್ಣನೆ ಪುಡಿ ಅದರಲ್ಲಿ ಬೆರೆತಿರುತ್ತದೆ.

ಸೇತುವೆ ದಾಟಿ ಆ ಕಡೆ ಸ್ವಲ್ಪ ಸುತ್ತಿ, ವಾಪಸ್ ಬಂದು ಹಳೇ ಊರಿನೊಳಗೆ ಹೋಗಿ. ಆಗ ಈ ಊರು ಯಾಕೆ ಇಲ್ಲಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಜರ್ಮನಿಯಿಂದ ಇಟಲಿಗೆ ಹೋಗುವ ವ್ಯಾಪಾರಿಗಳು 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿಯಲ್ಲಿ ಆಲ್ಪ್ಸ್ ದಾಟುತ್ತಿದ್ದರು. ಅದಕ್ಕೆ ಮೊದಲು ಈ ನದಿ ದಾಟಬೇಕಿತ್ತು. ಸೇತುವೆ ಇದ್ದಲ್ಲಿ ಸುಂಕ, ಸುಂಕ ಇದ್ದಲ್ಲಿ ಊರು.

ಕಮಾನುಗಳಿರುವ ಹಳೆಯ ಅಂಗಡಿ ಸಾಲುಗಳ ಕೆಳಗೆ ಮಳೆ ಬಂದರೂ ನೆನೆಯದೆ ನಡೆಯಬಹುದು. ಹಳೇ ಊರಿನ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷ ಸಾಕು. ಆದ್ದರಿಂದಲೇ ಅವಸರ ಬೇಡ.

ಚಿನ್ನದ ಚಾವಣಿ ನೋಡಿ ನಿರಾಸೆ ಆಯ್ತು. ಇಷ್ಟೇನಾ?

ಇಷ್ಟೇ. ಅರಮನೆಯ ಚಾವಣಿ ಅಂದುಕೊಂಡು ಹೋದರೆ ಅದು ಒಂದು ಉಪ್ಪರಿಗೆಯ ಮೇಲಿನ ಮಾಡು. ಅದರ ಮೇಲೆ ಚಿನ್ನದ ಲೇಪ ಕೊಟ್ಟ 2,657 ತಾಮ್ರದ ಹೆಂಚುಗಳು. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕಟ್ಟಿಸಿದ್ದು, 1500ರ ಹೊತ್ತಿಗೆ ಮುಗಿಯಿತು. ಕೆಳಗಿನ ಚೌಕದಲ್ಲಿ ನಡೆಯುವ ಕುಣಿತ, ಕಾಳಗದ ಆಟಗಳನ್ನು ರಾಜಮನೆತನ ಕೂತು ನೋಡುವ ಜಾಗ ಅದು. ಅಂದರೆ ಅದು ನೋಡಿಸಿಕೊಳ್ಳುವುದಕ್ಕೆ ಕಟ್ಟಿದ್ದು. ಜನ ಕತ್ತೆತ್ತಿ ನೋಡಬೇಕು, ರಾಜನ ಹತ್ತಿರ ದುಡ್ಡಿದೆ ಅಂದುಕೊಳ್ಳಬೇಕು.

ತಮಾಷೆ ಏನೆಂದರೆ ಅವನ ಕೈಯಲ್ಲಿ ದುಡ್ಡು ನಿಲ್ಲುತ್ತಲೇ ಇರಲಿಲ್ಲ. ಹತ್ತಿರದ ಶ್ವಾತ್ಸ್‌ನ ಬೆಳ್ಳಿ ಗಣಿ, ಹಾಲ್ ಊರಿನ ಉಪ್ಪು, ಇವುಗಳ ಆದಾಯವನ್ನು ಮುಂಚೆಯೇ ಅಡವಿಟ್ಟು ಯುದ್ಧಕ್ಕೆ ಸುರಿದವನು. ಕೊನೆಗಾಲದಲ್ಲಿ ಹಳೇ ಬಾಕಿ ತೀರಿಸಿಲ್ಲ ಅಂತ ಇನ್ಸ್‌ಬ್ರುಕ್‌ನ ಹೋಟೆಲಿನವರೇ ಅವನ ಪರಿವಾರಕ್ಕೆ ಜಾಗ ಕೊಡಲಿಲ್ಲ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಬೇಸರದಿಂದ ಹೊರಟವನು 1519ರ ಜನವರಿಯಲ್ಲಿ ವೆಲ್ಸ್ ಊರಿನಲ್ಲಿ ತೀರಿಕೊಂಡ.

ಇದನ್ನು ತಲೆಯಲ್ಲಿಟ್ಟುಕೊಂಡು ಮತ್ತೆ ನೋಡಿ. ಉಪ್ಪರಿಗೆಯ ಮುಂಭಾಗದ ಕೆತ್ತನೆಯಲ್ಲಿ ಮ್ಯಾಕ್ಸಿಮಿಲಿಯನ್ ತನ್ನ ಇಬ್ಬರು ಹೆಂಡಿರ ಜೊತೆ ಇದ್ದಾನೆ. ಪಕ್ಕದಲ್ಲಿ ಮೈ ಬಳುಕಿಸುತ್ತಾ ಕುಣಿಯುವವರು. ಈಗ ಮೇಲಿರುವುದು ನಕಲು, ಮೂಲ ಕೆತ್ತನೆ ಮ್ಯೂಸಿಯಮ್ ಸೇರಿದೆ. ಬೆಳಗ್ಗೆ ಬೇಗ ಹೋಗಿ, ಗುಂಪುಗಳು ಬರುವ ಮೊದಲು. ಎದುರಿಗಿರುವ ಊರಗೋಪುರದ 133 ಮೆಟ್ಟಿಲು ಹತ್ತಿದರೆ ಉತ್ತರಕ್ಕೆ ನೋರ್ಡ್‌ಕೆಟ್ಟೆ, ದಕ್ಷಿಣಕ್ಕೆ ಪಾಟ್ಶರ್‌ಕೋಫೆಲ್ ಬೆಟ್ಟ. ನಾಳೆಯ ದಾರಿಯನ್ನು ಇವತ್ತೇ ಇಲ್ಲಿಂದ ಗುರುತು ಹಿಡಿಯಬಹುದು.

ಮ್ಯಾಕ್ಸಿಮಿಲಿಯನ್ ಸಮಾಧಿ ಖಾಲಿಯಂತೆ. ಖಾಲಿ ಸಮಾಧಿಗೆ ಟಿಕೆಟ್ ಕೊಟ್ಟು ಹೋಗ್ಬೇಕಾ?

ಹೋಗಲೇಬೇಕು. ಇಡೀ ಊರಿನಲ್ಲಿ ಒಂದೇ ಒಂದು ಕಟ್ಟಡದ ಒಳಗೆ ಹೋಗುವುದಾದರೆ ಅದು ಹೋಫ್‌ಕಿರ್ಖೆ ಚರ್ಚ್ ಅಂತಲೇ ನಾನು ಹೇಳುವುದು.

ಮ್ಯಾಕ್ಸಿಮಿಲಿಯನ್ ದೇಹ ಇರುವುದು ವಿಯೆನ್ನಾದ ಹತ್ತಿರದ ವೀನರ್ ನೊಯ್‌ಶ್ಟಾಟ್‌ನಲ್ಲಿ. ಅವನು ಬದುಕಿರುವಾಗಲೇ ತನ್ನ ಸಮಾಧಿಗೆ ಪ್ಲಾನ್ ಹಾಕಿದ್ದ. ಸುತ್ತ 40 ದೊಡ್ಡ ಕಂಚಿನ ಮೂರ್ತಿಗಳು ಬೇಕು ಅಂದಿದ್ದ. ಆಗಿದ್ದು 28. ಅವನ ಮೊಮ್ಮಗ ಒಂದನೇ ಫರ್ಡಿನಾಂಡ್ ಇವನ್ನು ಇಡಲೆಂದೇ 1553ರಿಂದ 1563ರ ನಡುವೆ ಈ ಚರ್ಚ್ ಕಟ್ಟಿಸಿದ. ಮೂರ್ತಿಗಳನ್ನು ಊರಿನವರು ಕರೆಯುವುದು ಶ್ವಾರ್ತ್ಸೆ ಮಾಂಡರ್, ಅಂದರೆ ಕರಿಯ ಗಂಡಸರು ಅಂತ. ಅದರಲ್ಲಿ ಹೆಂಗಸರೂ ಇದ್ದಾರೆ, ಅದು ಬೇರೆ ಮಾತು. ಎಲ್ಲ ಆಳೆತ್ತರಕ್ಕಿಂತ ದೊಡ್ಡವು. ಅಜ್ಜ, ಅಜ್ಜಿ, ಹೆಂಡತಿ, ಮಕ್ಕಳು, ಜೊತೆಗೆ ತನ್ನ ವಂಶದವರೆಂದು ಅವನು ಹೇಳಿಕೊಂಡ ಪುರಾಣದ ರಾಜರು. ಇಂಗ್ಲೆಂಡಿನ ಕಥೆಗಳ ಆರ್ಥರ್ ರಾಜನೂ ಸಾಲಿನಲ್ಲಿದ್ದಾನೆ. ಆ ಮೂರ್ತಿಯ ವಿನ್ಯಾಸ ಜರ್ಮನ್ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್‌ನದು, ಎರಕ ಹೊಯ್ದದ್ದು ನ್ಯೂರೆಂಬರ್ಗ್‌ನ ಪೀಟರ್ ಫಿಶರ್, 1513ರಲ್ಲಿ.

ಬಟ್ಟೆಯ ಕಸೂತಿ, ಕವಚದ ಕೊಂಡಿ, ಸರದ ಒಂದೊಂದು ಹರಳು, ಎಲ್ಲ ಹತ್ತಿರದಿಂದ ನೋಡಿ. ಮ್ಯಾಕ್ಸಿಮಿಲಿಯನ್‌ನದೇ ಹ್ಯಾಬ್ಸ್‌ಬರ್ಗ್ ವಂಶದ ರುಡಾಲ್ಫನ ಮೂರ್ತಿಯಲ್ಲಿ ಸೊಂಟದ ಕೆಳಗಿನ ಒಂದು ಭಾಗ ಮಾತ್ರ ಥಳಥಳ ಹೊಳೆಯುತ್ತದೆ. ನೂರಾರು ವರ್ಷದಿಂದ ಜನ ಕೈಯಾಡಿಸಿದ ಫಲ. ಮಕ್ಕಳು ಯಾಕೆ ಅಂತ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.

ನಡುವಿನ ಸಮಾಧಿಯ ಸುತ್ತ 24 ಅಮೃತಶಿಲೆಯ ಫಲಕಗಳಿವೆ. ಅವನ ಯುದ್ಧ, ಮದುವೆಗಳ ಕಥೆ. ಬಾಗಿಲ ಬಳಿ ಆಂಡ್ರಿಯಾಸ್ ಹೋಫರ್‌ನ ಸಮಾಧಿ. ಅದು ಖಾಲಿ ಅಲ್ಲ. 1805ರಲ್ಲಿ ಟಿರೋಲ್ ಪಕ್ಕದ ಜರ್ಮನ್ ರಾಜ್ಯ ಬವೇರಿಯಾದ ಕೈಗೆ ಹೋದ ಮೇಲೆ, 1809ರಲ್ಲಿ ಬವೇರಿಯಾ ಮತ್ತು ನೆಪೋಲಿಯನ್ ಪಡೆಗಳ ವಿರುದ್ಧ ರೈತರನ್ನು ಕಟ್ಟಿಕೊಂಡು ಎದ್ದ ಹೋಟೆಲ್ ಯಜಮಾನ ಅವನು. 1810ರಲ್ಲಿ ಮಾಂಟುವಾದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕಂಚಿನ ವಂಶಾವಳಿ ಮಾಡಿಸಿಕೊಂಡ ಚಕ್ರವರ್ತಿ ಇಲ್ಲಿಲ್ಲ, ಹೋಟೆಲ್ ನಡೆಸುತ್ತಿದ್ದವನು ಇದ್ದಾನೆ.

ಮರಿಯಾ ಥೆರೇಸಿಯಾ ಬೀದಿ ಅಂದ್ರೆ ಬರೀ ಶಾಪಿಂಗ್ ಅಲ್ವಾ?

ಅಂಗಡಿಗಳು ಇವೆ. ಆದರೆ ಬೀದಿಯ ನಡುವೆ ನಿಂತು ಉತ್ತರಕ್ಕೆ ತಿರುಗಿ. ಊರಿನ ಪೋಸ್ಟ್‌ಕಾರ್ಡ್ ನೋಟ ಇದೇ. ನಡುವಿನ ಕಂಬದ ಹೆಸರು ಆನಾ ಕಂಬ. 1703ರಲ್ಲಿ ಸಂತ ಆನಾಳ ದಿನವಾದ ಜುಲೈ 26ರಂದು ಬವೇರಿಯಾದ ಸೈನ್ಯ ಹಿಂದೆ ಹೋಯಿತು ಅನ್ನುವ ನೆನಪಿಗೆ 1706ರಲ್ಲಿ ನಿಲ್ಲಿಸಿದ್ದು. ಮೇಲೆ ನಿಂತಿರುವವಳು ಮಾತ್ರ ಮೇರಿ, ಆನಾಳಿಗೆ ಜಾಗ ಸಿಕ್ಕಿದ್ದು ಬುಡದಲ್ಲಿ.

ದಕ್ಷಿಣ ತುದಿಯಲ್ಲಿ ಒಂದು ವಿಜಯದ್ವಾರ. ಅದನ್ನು ಎರಡೂ ಕಡೆಯಿಂದ ನೋಡಬೇಕು. 1765ರಲ್ಲಿ ಆಸ್ಟ್ರಿಯಾ ಆಳುತ್ತಿದ್ದ ರಾಣಿ ಮರಿಯಾ ಥೆರೇಸಿಯಾಳ ಮಗ ಲಿಯೋಪೋಲ್ಡ್‌ನ ಮದುವೆ ಇಲ್ಲಿ ನಡೆಯಿತು. ಅದೇ ಸಂಭ್ರಮದ ದಿನಗಳಲ್ಲಿ ಆಕೆಯ ಗಂಡ, ಚಕ್ರವರ್ತಿ ಫ್ರಾಂಟ್ಸ್, ಇದ್ದಕ್ಕಿದ್ದ ಹಾಗೆ ತೀರಿಕೊಂಡ. ಆದ್ದರಿಂದ ದ್ವಾರದ ದಕ್ಷಿಣ ಮುಖದಲ್ಲಿ ಮದುವೆಯ ಕೆತ್ತನೆ, ಉತ್ತರ ಮುಖದಲ್ಲಿ ಸಾವಿನದು. ಅವನು ಸತ್ತ ಕೋಣೆಯನ್ನು ಆಕೆ ಹೋಫ್‌ಬುರ್ಗ್ ಅರಮನೆಯೊಳಗೆ ಪ್ರಾರ್ಥನಾ ಮಂದಿರ ಮಾಡಿಸಿದಳು. ಮುಂದೆ ಉಳಿದ ಜೀವನವೆಲ್ಲ ಕಪ್ಪು ಬಟ್ಟೆಯನ್ನೇ ಉಟ್ಟಳು.

ಊರಿನ ಹೊಸ ಇತಿಹಾಸ ಎಲ್ಲೂ ಕಾಣಲ್ಲ. ಹಿಟ್ಲರ್ ಕಾಲದ್ದು ಏನೂ ಇಲ್ವಾ?

ಇದೆ. ವಿಜಯದ್ವಾರದಿಂದ ಹತ್ತಿರವೇ ಲಾಂಡ್‌ಹೌಸ್ ಮುಂದಿನ ಚೌಕ. ಎದುರಿಗೆ ನಾಜಿ ಕಾಲದಲ್ಲಿ ಕಟ್ಟಿದ ಸರ್ಕಾರಿ ಕಟ್ಟಡ. ಚೌಕದಲ್ಲಿ ಯುದ್ಧದ ನಂತರ ಫ್ರೆಂಚ್ ಆಡಳಿತ ನಿಲ್ಲಿಸಿದ ವಿಮೋಚನೆಯ ಸ್ಮಾರಕ. ಅದರ ಪಕ್ಕ ಏಳು ಕವಲಿನ ಯಹೂದಿ ದೀಪಸ್ತಂಭದ ಆಕಾರದ ಇನ್ನೊಂದು ಸ್ಮಾರಕ, 1997ರದು. 1938ರ ನವೆಂಬರ್ ರಾತ್ರಿ ಯಹೂದಿಗಳ ಮೇಲೆ ನಡೆದ ದಾಳಿಗೆ ಈ ಊರಿನಲ್ಲಿ ಬಲಿಯಾದ ನಾಲ್ವರ ಹೆಸರುಗಳು ಅದರಲ್ಲಿವೆ. ಈ ಸ್ಮಾರಕದ ಹಿಂದೆ ಇದ್ದವರು ಶಾಲಾ ಮಕ್ಕಳು. ಚೌಕದಲ್ಲಿ ಸ್ಕೇಟ್‌ಬೋರ್ಡ್ ಹುಡುಗರ ಗದ್ದಲ ಇದ್ದೇ ಇರುತ್ತದೆ. ಪ್ರವಾಸಿ ಗುಂಪುಗಳು ಇಲ್ಲಿಗೆ ಬರುವುದು ಕಡಿಮೆ. ಹತ್ತು ನಿಮಿಷ ಕೊಡಿ.

ನಿನ್ನೆ ಬೆಟ್ಟ ಇಳಿದು ಮಂಡಿ ಹೋಗಿದೆ. ಇವತ್ತು ಊರಲ್ಲಿ ಏನು ನೋಡ್ಲಿ?

ಹತ್ತುವುದಕ್ಕಿಂತ ಇಳಿಯುವುದರಿಂದ ತೊಡೆ, ಮಂಡಿ ಜಾಸ್ತಿ ನೋಯುತ್ತದೆ. ಪೂರ್ತಿ ಕೂತುಬಿಡಬೇಡಿ. ಸಮತಟ್ಟಿನಲ್ಲಿ ನಿಧಾನ ನಡೆದರೆ ಬೇಗ ಸಡಿಲವಾಗುತ್ತದೆ.

ಟ್ರಾಮಿನಲ್ಲಿ ಬೆರ್ಗೀಸೆಲ್ ಕಡೆ ಹೋಗಿ. ವಿಲ್ಟನ್ ಬಡಾವಣೆಯಲ್ಲಿ 1599ರಿಂದ ನಡೆಯುತ್ತಿರುವ ಗ್ರಾಸ್‌ಮೈರ್ ಗಂಟೆ ಎರಕದ ಕಾರ್ಖಾನೆ ಮತ್ತು ಮ್ಯೂಸಿಯಮ್ ಇದೆ. ಗಂಟೆಯನ್ನು ನೀವೇ ಬಾರಿಸಿ ನೋಡಬಹುದು. ಬೆರ್ಗೀಸೆಲ್ ಗುಡ್ಡದ ಮೇಲೆ ವಾಸ್ತುಶಿಲ್ಪಿ ಝಾಹಾ ಹದೀದ್ ವಿನ್ಯಾಸದ ಸ್ಕೀ ಜಂಪ್ ಗೋಪುರ, 2002ರದು. ಲಿಫ್ಟ್ ಇದೆ, ಮೇಲೆ ಕೆಫೆ ಇದೆ. ಹಾರುವ ಆಟಗಾರನಿಗೆ ನೇರ ಕೆಳಗೆ ಕಾಣುವುದು ವಿಲ್ಟನ್‌ನ ಸ್ಮಶಾನ. ಯಾರ ಐಡಿಯಾನೋ! 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್ ಎರಡೂ ಇದೇ ಊರಿನಲ್ಲಿ ನಡೆದವು. ಪಕ್ಕದ ಮ್ಯೂಸಿಯಮ್‌ನಲ್ಲಿ 1809ರ ಬೆರ್ಗೀಸೆಲ್ ಯುದ್ಧದ ದುಂಡನೆಯ ಚಿತ್ರ, ಸುಮಾರು 1,000 ಚದರ ಮೀಟರ್. ನಡುವೆ ನಿಂತರೆ ಸುತ್ತಲೂ ಯುದ್ಧ.

ಇನ್ನೊಂದು ಆಯ್ಕೆ ಆಂಬ್ರಾಸ್ ಕೋಟೆ. ಎರಡನೇ ಫರ್ಡಿನಾಂಡ್ ಅನ್ನುವ ಆರ್ಚ್‌ಡ್ಯೂಕ್ (ಹ್ಯಾಬ್ಸ್‌ಬರ್ಗ್ ರಾಜಕುಮಾರ), ರಾಜಮನೆತನದವಳಲ್ಲದ ಫಿಲಿಪೀನೆ ವೆಲ್ಸರ್‌ಳನ್ನು 1557ರಲ್ಲಿ ಗುಟ್ಟಾಗಿ ಮದುವೆಯಾಗಿ, ಅವಳಿಗೆ ಕೊಟ್ಟ ಮನೆ. ಅವಳ ಸ್ನಾನದ ಕೋಣೆ ಇವತ್ತಿಗೂ ಹಾಗೇ ಇದೆ. ಕೆಳಗಿನ ಕಟ್ಟಡದಲ್ಲಿ ಅವನು ಕೂಡಿಟ್ಟ ವಿಚಿತ್ರ ವಸ್ತುಗಳ ಸಂಗ್ರಹ. ಮೈತುಂಬ ಕೂದಲಿದ್ದ ಪೇಟ್ರುಸ್ ಗೊನ್ಸಾಲ್ವುಸ್ ಮತ್ತವನ ಮಕ್ಕಳ ಚಿತ್ರಗಳೂ ಅಲ್ಲಿವೆ. ಅಂಥ ಸ್ಥಿತಿಗೆ ವೈದ್ಯರು ಆಂಬ್ರಾಸ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ದು ಇದೇ ಕೋಟೆಯಿಂದ.

ನಾವು ಪೂರ್ತಿ ಸಸ್ಯಾಹಾರಿ. ಬೆಟ್ಟದ ಹೋಟೆಲಲ್ಲಿ ಏನು ತಿನ್ನೋದು?

ಹೊಟ್ಟೆ ತುಂಬುತ್ತದೆ, ಆದರೆ ಕೇಳಿ ತಿನ್ನಬೇಕು. ಕೇಸ್‌ಶ್ಪೆಟ್ಸ್ಲೆ ಅಂದರೆ ಮೊಟ್ಟೆ ಹಾಕಿದ ಹಿಟ್ಟಿನ ಸಣ್ಣ ತುಂಡುಗಳಿಗೆ ಚೀಸ್, ಹುರಿದ ಈರುಳ್ಳಿ. ಶ್ಲುಟ್ಸ್‌ಕ್ರಾಪ್ಫೆನ್ ಅಂದರೆ ಪಾಲಕ್ ತುಂಬಿದ ಕಡುಬಿನಂಥದ್ದು. ಕೈಸರ್‌ಶ್ಮಾರ್ನ್ ಸಿಹಿ, ಇದರಲ್ಲೂ ಮೊಟ್ಟೆ.

ಜಾಗ್ರತೆ ಬೇಕಾದ್ದು ಎರಡು ಕಡೆ. ಕ್ನ್ಯೋಡೆಲ್ ಅನ್ನುವ ಉಂಡೆಗಳಲ್ಲಿ ಪಾಲಕ್, ಚೀಸ್‌ನದೂ ಇದೆ, ಹಂದಿಮಾಂಸದ ಚೂರು ಹಾಕಿದ್ದೂ ಇದೆ. ಇನ್ನೊಂದು ಸೂಪ್. ಚೀಸ್ ಉಂಡೆಯ ಸೂಪ್ ನೋಡಲು ಸಸ್ಯಾಹಾರಿ, ಆದರೆ ಕೆಳಗಿನ ತಿಳಿಸಾರು ಸಾಮಾನ್ಯವಾಗಿ ದನದ ಮಾಂಸದ್ದು. ‘ಓನೆ ಫ್ಲೈಶ್, ಓನೆ ಶ್ಪೆಕ್’ ಅಂದರೆ ಮಾಂಸ ಬೇಡ, ಹಂದಿಯ ಚೂರೂ ಬೇಡ ಅಂತ. ಸೂಪಿಗೆ ‘ರಿಂಟ್‌ಸುಪ್ಪೆ’ನಾ ಅಂತ ಕೇಳಿ. ಮೊಟ್ಟೆಯೂ ತಿನ್ನದವರಿಗೆ ಬೆಟ್ಟದ ಮೇಲೆ ಆಯ್ಕೆ ಕಡಿಮೆ. ಚಪಾತಿ, ಚಟ್ನಿಪುಡಿ ಚೀಲದಲ್ಲಿರಲಿ.

ನೀರು ಕೊಳ್ಳಬೇಡಿ. ಇನ್ಸ್‌ಬ್ರುಕ್‌ನ ನಲ್ಲಿ ನೀರು ನೋರ್ಡ್‌ಕೆಟ್ಟೆಯ ಬಂಡೆಯೊಳಗಿನ ಚಿಲುಮೆಗಳಿಂದ ಬರುವುದು. ಬೀದಿಯ ಕಾರಂಜಿಗಳಲ್ಲೂ ತುಂಬಿಕೊಳ್ಳಬಹುದು.

ಭಾನುವಾರ ಎಲ್ಲ ಮುಚ್ಚಿರುತ್ತಂತೆ, ನಿಜಾನಾ?

ಅಂಗಡಿಗಳು ಮುಚ್ಚಿರುತ್ತವೆ. ಹೋಟೆಲು, ಕೇಬಲ್ ಕಾರು ಇರುತ್ತದೆ. ಬೆಟ್ಟಕ್ಕೆ ಬೇಕಾದ ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.

## ಬೆಟ್ಟಕ್ಕೆ ಮೊದಲ ಹೆಜ್ಜೆ

ಅಪ್ಪ–ಅಮ್ಮನ್ನ ಕರ್ಕೊಂಡು ಬರ್ತಿದೀನಿ, ಎಪ್ಪತ್ತರ ಹತ್ತಿರ. ಬೆಟ್ಟ ತೋರ್ಸೋಕೆ ಆಗುತ್ತಾ?

ಖಂಡಿತ ಆಗುತ್ತದೆ. ಹೋಫ್‌ಗಾರ್ಟನ್ ಉದ್ಯಾನದ ಪಕ್ಕದ ಕಾಂಗ್ರೆಸ್ ನಿಲ್ದಾಣದಿಂದ ಹುಂಗರ್‌ಬುರ್ಗ್‌ಗೆ ಹಳಿಯ ಮೇಲೆ ಹೋಗುವ ಗಾಡಿ ಇದೆ. 2007ರಲ್ಲಿ ಶುರುವಾದ ಇದರ ನಿಲ್ದಾಣಗಳೂ ಝಾಹಾ ಹದೀದ್ ವಿನ್ಯಾಸ. ಹುಂಗರ್‌ಬುರ್ಗ್‌ನಿಂದ ಕೇಬಲ್ ಕಾರಿನಲ್ಲಿ 1,905 ಮೀಟರ್‌ನ ಝೇಗ್ರೂಬೆಗೆ. ಅಲ್ಲಿ ಬಿಸಿಲಲ್ಲಿ ಕೂತು ಊಟ ಮಾಡಬಹುದು, ಇಡೀ ಊರು ಕಾಲ ಕೆಳಗೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಅಪ್ಪ ಕಾಫಿ ಕುಡಿಯುತ್ತಾ ಕೂರಬಹುದು. ಹೃದಯದ ತೊಂದರೆ ಇದ್ದರೆ ಮಾತ್ರ ಮೊದಲೇ ಡಾಕ್ಟರನ್ನು ಕೇಳಿ.

ಬರುವಾಗ ದಾರಿಯಲ್ಲಿ ಆಲ್ಪೆನ್‌ಝೂನಲ್ಲಿ ಇಳಿಯಿರಿ. ಆಲ್ಪ್ಸ್‌ನ ಪ್ರಾಣಿಗಳು ಮಾತ್ರ ಇರುವ ಮೃಗಾಲಯ, 1962ರದು. ಆದರೆ ಒಳಗಿನ ದಾರಿ ಏರುಪೇರು.

ಒಂದೇ ಒಂದು ಹೈಕ್ ಮಾಡೋದಾದ್ರೆ ಯಾವುದು?

ತ್ಸಿರ್ಬೆನ್‌ವೆಗ್. ಪಾಟ್ಶರ್‌ಕೋಫೆಲ್ ಬೆಟ್ಟದ ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಸುಮಾರು 2,000 ಮೀಟರ್ ಎತ್ತರದಲ್ಲಿ ಬೆಟ್ಟದ ಪಕ್ಕೆ ಹಿಡಿದು ಟುಲ್ಫೈನ್‌ಆಲ್ಮ್‌ವರೆಗೆ ನಡೆಯುವುದು. ಸುಮಾರು 7 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ದೊಡ್ಡ ಏರಿಲ್ಲ. ದಾರಿಯುದ್ದಕ್ಕೂ ತ್ಸಿರ್ಬೆ ಅನ್ನುವ ಬೆಟ್ಟದ ಪೈನ್ ಮರಗಳು, ಬಿಸಿಲಿಗೆ ಅಂಟಿನ ವಾಸನೆ. ಇನ್ ಕಣಿವೆಯ ಆಚೆ ನೋರ್ಡ್‌ಕೆಟ್ಟೆ ಪೂರ್ತಿ ಕಾಣುತ್ತದೆ. ನೋರ್ಡ್‌ಕೆಟ್ಟೆಯ ಮೇಲೆ ನಿಂತವರಿಗೇ ಅದು ಹಾಗೆ ಕಾಣುವುದಿಲ್ಲ. ಕೊನೆಗೆ ಗ್ಲುಂಗೆಟ್ಸರ್ ಲಿಫ್ಟ್‌ನಲ್ಲಿ ಟುಲ್ಫೆಸ್‌ಗೆ ಇಳಿದು ಬಸ್ಸು. ಹೋಗುವ ಲಿಫ್ಟು, ಬರುವ ಲಿಫ್ಟು, ಬಸ್ಸು ಸೇರಿಸಿದ ಒಂದೇ ಟಿಕೆಟ್ ಸಿಗುತ್ತದೆ.

ಹಳದಿ ಬೋರ್ಡಿನಲ್ಲಿ ಕೆಂಪು, ಕಪ್ಪು ಚುಕ್ಕೆ ಇರುತ್ತೆ. ಏನರ್ಥ?

ಚುಕ್ಕೆ ಇಲ್ಲದ್ದು ಸುಲಭ ದಾರಿ. ಕೆಂಪು ಅಂದರೆ ಕಿರಿದು, ಅಲ್ಲಲ್ಲಿ ಕಡಿದು, ಮಧ್ಯಮ. ಕಪ್ಪು ಅಂದರೆ ಬೀಳುವ ಅಪಾಯ ಇರುವ, ಕೈಯಿಂದ ಬಂಡೆ ಹಿಡಿದು ಹತ್ತಬೇಕಾದ ಜಾಗಗಳಿರುವ ದಾರಿ. ಬೋರ್ಡಿನಲ್ಲಿ ಬರೆದಿರುವುದು ದೂರವಲ್ಲ, ಸಮಯ. ಅದು ಬೆಟ್ಟಕ್ಕೆ ಒಗ್ಗಿದವರ ಸಮಯ, ನಿಲ್ಲದೆ ನಡೆದರೆ. ನಾವು ಫೋಟೋ ತೆಗೆಯುವವರು, ಮೂರನೇ ಒಂದು ಭಾಗ ಸೇರಿಸಿಕೊಳ್ಳಿ. ಕುಮಾರ ಪರ್ವತ ಆರಾಮಾಗಿ ಹತ್ತಿ ಇಳಿದವರಿಗೆ ಕೆಂಪು ದಾರಿಯಲ್ಲಿ ದಮ್ಮಿನ ತೊಂದರೆ ಆಗುವುದಿಲ್ಲ. ಹೊಸದೆನಿಸುವುದು ಜಾರುವ ಸಡಿಲ ಕಲ್ಲು ಮತ್ತು ಪಕ್ಕದ ಪ್ರಪಾತ. ಹಿಡಿತ ಇರುವ ಟ್ರೆಕ್ಕಿಂಗ್ ಶೂ ಬೇಕೇ ಬೇಕು.

ಮಲೆನಾಡಿನ ಥರ ಜಿಗಣೆ ಕಾಟ ಇದೆಯಾ?

ಜಿಗಣೆ ಚಿಂತೆ ಬೇಡ, ಉಣುಗಿನ ಚಿಂತೆ ಇರಲಿ. ಟಿರೋಲ್‌ನ ಹುಲ್ಲು, ಕಾಡಂಚುಗಳಲ್ಲಿ ಉಣುಗು ಕಚ್ಚಿ ಹರಡುವ ಮೆದುಳಿನ ಉರಿಯೂತದ ವೈರಸ್ ಇದೆ. ಅಲ್ಲಿ ಅದನ್ನು ಎಫ್‌ಎಸ್‌ಎಂಇ ಅನ್ನುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಇದೂ ಒಂದೇ ಗುಂಪಿನವು. ಆದ್ದರಿಂದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಸ್ಟ್ರಿಯಾದವರು ಇದಕ್ಕೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳುತ್ತಾರೆ. ಲೈಮ್ ಕಾಯಿಲೆಯೂ ಉಣುಗಿನಿಂದಲೇ, ಅದಕ್ಕೆ ಈ ಲಸಿಕೆ ನಾಟುವುದಿಲ್ಲ. ಜಾಸ್ತಿ ದಿನ ಕಾಡು ಸುತ್ತುವವರು ಹೊರಡುವ ಎರಡು ಮೂರು ತಿಂಗಳು ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಉದ್ದ ಪ್ಯಾಂಟ್ ಹಾಕಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿ ಯಾವುದೂ ಬೇಡ. ಎತ್ತರ ಹೆಚ್ಚಿದಂತೆ ಉಣುಗು ಕಡಿಮೆ.

## ಇನ್ನೂ ಮುಂದೆ ಹೋಗುವವರಿಗೆ

ಹಾಫೆಲೆಕಾರ್‌ನಿಂದ ಆಚೆ ನಡೆಯೋಕಾಗುತ್ತಾ? ಎಲ್ಲರೂ ಅಲ್ಲಿಂದ ವಾಪಸ್ ಬರ್ತಾರೆ.

ಮೊದಲು ನಿಲ್ದಾಣದಿಂದ ಕಾಲು ಗಂಟೆ ನಡೆದು 2,334 ಮೀಟರ್‌ನ ತುದಿಗೆ ಹೋಗಿ. ದಕ್ಷಿಣಕ್ಕೆ ಊರು, ವಿಮಾನ ನಿಲ್ದಾಣ, ರೈಲುಹಳಿ. ಉತ್ತರಕ್ಕೆ ತಿರುಗಿದರೆ ಕಾರ್‌ವೆಂಡೆಲ್, ಬರೀ ಸುಣ್ಣಕಲ್ಲಿನ ಶಿಖರಗಳು, ಒಂದು ಮನೆಯೂ ಇಲ್ಲ. ಊರಿನ ಎದೆಯ ಮೇಲೆ ಇಂಥ ಕಾಡು ಇದೆ ಅನ್ನುವುದು ಕೆಳಗಿನಿಂದ ಗೊತ್ತೇ ಆಗುವುದಿಲ್ಲ.

ಅಲ್ಲಿಂದ ಜರ್ಮನ್ ಕವಿ ಗೋಯ್ತೆ ಹೆಸರಿನ ಗೋಯ್ತೆವೆಗ್ ದಾರಿಯಲ್ಲಿ ಎರಡರಿಂದ ಎರಡೂವರೆ ಗಂಟೆ ನಡೆದರೆ 1,922 ಮೀಟರ್‌ನಲ್ಲಿ ಪ್ಫೈಸ್ ಹಟ್. ಇದು ಆಲ್ಪೈನ್ ಸಂಘದ ತಂಗುಮನೆ. ಹಾಸಿಗೆ ಮೊದಲೇ ಬುಕ್ ಮಾಡಿ, ಒಳಗೆ ಹಾಕಿಕೊಳ್ಳುವ ತೆಳು ಬಟ್ಟೆಯ ಮಲಗುಚೀಲ ಒಯ್ಯಿರಿ, ನಗದು ಇಟ್ಟುಕೊಳ್ಳಿ. ಅದೇ ದಿನ ವಾಪಸ್ ಬರುವುದಾದರೆ ಕೊನೆಯ ಕೇಬಲ್ ಕಾರಿನ ಸಮಯ ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಕತ್ತಲಲ್ಲಿ 1,700 ಮೀಟರ್ ಇಳಿಯಬೇಕು.

ಪ್ಫೈಸ್ ಹಟ್‌ನಲ್ಲಿ ಮಲಗಿ ಮರುದಿನ ಬೇರೆ ದಾರಿಯಲ್ಲಿ ಇಳಿಯಬಹುದಾ?

ಗಟ್ಟಿ ಕಾಲಿದ್ದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. 2,215 ಮೀಟರ್‌ನ ಶ್ಟೆಂಪೆಲ್‌ಯೋಖ್ ದಾಟಿ, ಕಡಿದಾದ ಸಡಿಲ ಕಲ್ಲಿನ ಇಳಿಜಾರು ಇಳಿದು ಹಾಲ್‌ಟಾಲ್ ಕಣಿವೆಗೆ. ಮಧ್ಯಯುಗದಿಂದ 1967ರವರೆಗೆ ಇಲ್ಲಿ ಉಪ್ಪು ತೆಗೆದರು. ಗಣಿಯ ಹಳೆಯ ಕಟ್ಟಡಗಳು ದಾರಿಯಲ್ಲೇ ಸಿಗುತ್ತವೆ. ಬಂಡೆಯೊಳಗಿನ ಉಪ್ಪನ್ನು ನೀರಿನಲ್ಲಿ ಕರಗಿಸಿ, ಆ ಉಪ್ಪುನೀರನ್ನು ಕೊಳವೆಯಲ್ಲಿ ಕೆಳಗಿನ ಹಾಲ್ ಊರಿಗೆ ಹರಿಸಿ, ಅಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. ನೀವೂ ಆ ಉಪ್ಪುನೀರಿನ ದಾರಿಯಲ್ಲೇ ಇಳಿದು ಹಾಲ್ ಸೇರುತ್ತೀರಿ.

ಹಾಲ್‌ನ ಹಳೇ ಊರು ಇನ್ಸ್‌ಬ್ರುಕ್‌ನದಕ್ಕಿಂತ ದೊಡ್ಡದು, ಪ್ರವಾಸಿಗರು ಕಡಿಮೆ. ಹಾಸೆಗ್ ಕೋಟೆಯ ಟಂಕಸಾಲೆ ನೋಡಿ. ಶ್ವಾತ್ಸ್‌ನ ಬೆಳ್ಳಿಯಿಂದ 1486ರಲ್ಲಿ ಹಾಲ್‌ನಲ್ಲಿ ಟಂಕಿಸಿದ ದೊಡ್ಡ ಬೆಳ್ಳಿ ನಾಣ್ಯವೇ ಮುಂದೆ ಥಾಲರ್ ಅನ್ನುವ ನಾಣ್ಯಕ್ಕೆ, ಅದರ ಮೂಲಕ ಡಾಲರ್‌ಗೆ ದಾರಿ ಮಾಡಿದ್ದು. ಚಿನ್ನದ ಚಾವಣಿಯ ಹಿಂದಿನ ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಇನ್ಸ್‌ಬ್ರುಕ್‌ಗೆ ವಾಪಸ್ ರೈಲಿನಲ್ಲಿ ಹತ್ತು ನಿಮಿಷ.

ಮಳೆ ಜೋರಾದ ಮೇಲೆ ಈ ಕಣಿವೆಯಲ್ಲಿ ಮಣ್ಣು ಜರಿಯುವುದುಂಟು. ದಾರಿ ತೆರೆದಿದೆಯಾ ಅಂತ ಹಟ್‌ನವರನ್ನು ಕೇಳಿಯೇ ಹೊರಡಿ.

ಫೋಯ್ನ್ ಗಾಳಿ ಅಂತಾರಲ್ಲ, ಅದಕ್ಕೆ ಹೆದರಬೇಕಾ?

ದಕ್ಷಿಣದಿಂದ ಬ್ರೆನ್ನರ್ ದಾಟಿ ಇಳಿಯುವ ಬಿಸಿ, ಒಣ ಗಾಳಿ ಅದು. ಇಳಿಯುವಾಗ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ. ಆ ದಿನ ಬೆಟ್ಟಗಳು ಕೈಗೆಟುಕುವಷ್ಟು ಹತ್ತಿರ ಕಾಣುತ್ತವೆ. ಕೆಲವರಿಗೆ ತಲೆನೋವು ಬರುತ್ತದೆ. ಮೇಲೆ ಗಾಳಿ ಭಾರಿ, ಕೇಬಲ್ ಕಾರು ನಿಲ್ಲಿಸಬಹುದು. ಅಂಥ ದಿನ ಊರು ಸುತ್ತಿ.

ನಿಜವಾಗಿ ಹೆದರಬೇಕಾದ್ದು ಬೇಸಿಗೆಯ ಗುಡುಗಿಗೆ. ಬೇಗ ಹೊರಟು ಮಧ್ಯಾಹ್ನದೊಳಗೆ ಬೆಟ್ಟದ ಏಣಿನಿಂದ ಇಳಿದುಬಿಡಿ. ಕಬ್ಬಿಣದ ಹಗ್ಗ ಕಟ್ಟಿದ ಕ್ಲೆಟರ್‌ಸ್ಟೈಗ್ ದಾರಿಗಳಲ್ಲಿ ಮಿಂಚು ಬಂದರೆ ಅಡಗುವುದಕ್ಕೆ ಜಾಗವೇ ಇಲ್ಲ. ಹಾಫೆಲೆಕಾರ್‌ನಿಂದ ಹೊರಡುವ ಇನ್ಸ್‌ಬ್ರುಕ್ ಕ್ಲೆಟರ್‌ಸ್ಟೈಗ್‌ಗೆ ಗೈಡ್ ಇಲ್ಲದೆ ಮೊದಲ ಸಲ ಹೋಗಬೇಡಿ.

ಮೇಲೆ ಕಾಲು ಮುರಿದ್ರೆ ಹೆಲಿಕಾಪ್ಟರ್ ಬರುತ್ತಂತೆ. ಫ್ರೀನಾ?

ಬರುತ್ತದೆ, ಫ್ರೀ ಅಲ್ಲ. ಬಿಲ್ಲು ಸಾವಿರಾರು ಯೂರೋ ಆಗಬಹುದು. ವೀಸಾಕ್ಕೆಂದು ಮಾಡಿಸಿದ ವಿಮೆಯ ಸಣ್ಣಕ್ಷರ ಓದಿ. ಬೆಟ್ಟದಿಂದ ರಕ್ಷಣೆ, ಇಂತಿಷ್ಟು ಎತ್ತರದ ಮೇಲಿನ ಚಾರಣ ಇವನ್ನು ಹೊರಗಿಟ್ಟಿರುವ ಪಾಲಿಸಿಗಳು ಬಹಳ. ಆಸ್ಟ್ರಿಯಾದ ಆಲ್ಪೈನ್ ಸಂಘಕ್ಕೆ ಸದಸ್ಯರಾದರೆ ರಕ್ಷಣೆಯ ವಿಮೆಯೂ ಸೇರಿರುತ್ತದೆ, ಹಟ್‌ಗಳಲ್ಲಿ ಮಲಗಲು ರಿಯಾಯಿತಿಯೂ ಸಿಗುತ್ತದೆ.

ಬೆಟ್ಟದ ತುರ್ತು ನಂಬರ್ 140, ಇಡೀ ಯೂರೋಪಿನದು 112. ನೆಟ್‌ವರ್ಕ್ ಇಲ್ಲದಿದ್ದರೆ ಸೀಟಿ ಅಥವಾ ಟಾರ್ಚಿನಿಂದ ನಿಮಿಷಕ್ಕೆ 6 ಸಲ ಸೂಚನೆ ಕೊಡಿ, ಒಂದು ನಿಮಿಷ ಬಿಡಿ, ಮತ್ತೆ ಕೊಡಿ. ನಿಮಿಷಕ್ಕೆ 3 ಸಲ ತಿರುಗಿ ಬಂದರೆ ಯಾರಿಗೋ ಕೇಳಿಸಿದೆ ಅಂತ.

ಇನ್ಸ್‌ಬ್ರುಕ್ ಆಯ್ತು. ಇದೇ ಥರ ಬೆಟ್ಟ–ಊರು ಎರಡೂ ಇರೋ ಇನ್ನೊಂದು ಜಾಗ?

ಬೊಲ್ಝಾನೋ. ಬ್ರೆನ್ನರ್ ದಾಟಿ ರೈಲಿನಲ್ಲಿ ಸುಮಾರು 2 ಗಂಟೆ, ಇಟಲಿ. ಇಲ್ಲಿ ಊರಿನಿಂದಲೇ ಬೇರೆ ಬೇರೆ ದಿಕ್ಕಿಗೆ ಕೇಬಲ್ ಕಾರುಗಳು. ಜನ ಜರ್ಮನ್, ಇಟಾಲಿಯನ್ ಎರಡೂ ಮಾತಾಡುತ್ತಾರೆ. ಮೊದಲನೇ ಮಹಾಯುದ್ಧದವರೆಗೆ ಇದೂ ಆಸ್ಟ್ರಿಯಾದ ಟಿರೋಲ್‌ನ ಭಾಗವಾಗಿತ್ತು.

ಇಲ್ಲಿ ಓಟ್ಸಿಯನ್ನು ನೋಡಿ. 1991ರಲ್ಲಿ 3,210 ಮೀಟರ್ ಎತ್ತರದ ಹಿಮದಲ್ಲಿ ಚಾರಣಿಗರಿಗೆ ಸಿಕ್ಕ, 5,000 ವರ್ಷಕ್ಕೂ ಹಿಂದಿನ ಮನುಷ್ಯನ ದೇಹ. ಮೊದಲು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಒಯ್ದರು. ಅಳತೆ ಮಾಡಿ ನೋಡಿದರೆ ಸಿಕ್ಕ ಜಾಗ ಗಡಿಯಿಂದ 92 ಮೀಟರ್ ಇಟಲಿಯೊಳಗೆ. 1998ರಲ್ಲಿ ಬೊಲ್ಝಾನೋಗೆ ಕಳಿಸಿಕೊಟ್ಟರು. ದಪ್ಪ ಗಾಜಿನ ಒಂದು ಸಣ್ಣ ಕಿಟಕಿಯಿಂದ ನೋಡಬೇಕು, ಸಾಲು ಉದ್ದ ಇರುತ್ತದೆ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.